ಒಂದರಿಂದ ಎರಡರ ನಡುವೆ

ಹರ್ಷಿತಾ ಬೇಕೆಂದೇ ಒಂದು ಸುಳ್ಳು ಬರೆದಳು. ಐದೂವರೆ ತಿಂಗಳಲ್ಲಿ ಮ್ಯಾನ್ಯುವಲ್‌ನ ಇನ್ನೂರ ಎಪ್ಪತ್ತು ಪುಟ ಬರೆದವಳು, ಒಂದೊಂದು ಪದಕ್ಕೂ ಅಂಜಿ ಅಂಜಿ ಕೈಯಿಟ್ಟವಳು, ಆ ಸಂಜೆ ಕುಲಶೇಖರದಲ್ಲಿದ್ದ ಕಚೇರಿಯಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತೇ ಆ ಸಾಲುಗಳನ್ನು ಟೈಪ್ ಮಾಡಿದಳು.

"ಮಧ್ಯಾಹ್ನ ಒಂದರಿಂದ ಎರಡರ ನಡುವೆ ಬಳಸಿದರೆ, ಈ ಫಂಕ್ಷನ್ ಫೈಲನ್ನು ಸೇವ್ ಮಾಡುವ ಮೊದಲು 'ವನಸ್ ಆಂಡಾ?' ಎಂದು ವಿಚಾರಿಸುತ್ತದೆ. ಇಲ್ಲ ಎಂದು ಉತ್ತರಿಸಿದರೆ ಸೇವ್ ಮಾಡುವುದಿಲ್ಲ."

ಊಟ ಆಯಿತಾ ಎಂದು ತುಳುವಿನಲ್ಲಿ ಕೇಳುವ ಎಡಿಟರ್ ಸಾಫ್ಟ್‌ವೇರ್ ಈ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಅವಳು ಬರೆದದ್ದನ್ನು ಪರೀಕ್ಷಿಸುವ ಯತಿನ್ ಈ ಪುಟವನ್ನು ನಿಜವಾಗಿ ಓದಿದರೆ ನಗಬೇಕು, ಇಲ್ಲವಾದರೆ ಎದ್ದು ಬಂದು ಬಯ್ಯಬೇಕು. ಎರಡರಲ್ಲಿ ಯಾವುದಾದರೂ ಸಾಕು, ಅವನು ಕೇಳಿದ್ದಕ್ಕೆ ನಾಳೆಯೇ ಒಪ್ಪಿಗೆ ಕೊಡುತ್ತೇನೆ ಎಂದು ಅವಳು ನಿಶ್ಚಯಿಸಿದ್ದಳು.

ಅವನು ಕೇಳಿದ್ದು ಹಿಂದಿನ ಗುರುವಾರ, ಬಸ್ ಸ್ಟಾಪಿನಲ್ಲಿ. ಕಾಟಿಪಳ್ಳದ ಬಸ್ಸು ದೂರದಲ್ಲಿ ಕಾಣಿಸಿದ ಮೇಲೆ, ಇನ್ನು ಅರ್ಧ ನಿಮಿಷವೂ ಇಲ್ಲ ಎನ್ನುವಾಗ, ಚಪ್ಪಲಿಯ ತುದಿ ನೋಡುತ್ತಾ ಕೇಳಿದ್ದ.

"ನಿಮ್ಮ ಮನೆಯಲ್ಲಿ ಮಾತಾಡ್ಲಿಕ್ಕೆ ನನ್ನ ಅಮ್ಮನನ್ನು ಕಳಿಸ್ಲಾ?"

"ಇಷ್ಟು ದಿನ ಇದ್ದು ಬಸ್ಸು ಬಂದ ಮೇಲೆ ಕೇಳುದಾ ಮಾರಾಯ್ರೆ?"

"ಬಸ್ಸು ಬಾರದಿದ್ರೆ ಕೇಳ್ತಿರ್ಲಿಲ್ಲ."

ಅವಳು ನಕ್ಕು ಹತ್ತಿದ್ದಳು. ಕಿಟಕಿಯಿಂದ ಬಗ್ಗಿ, "ಕೆಲಸ ಮುಗಿಯುವ ಮೊದಲು ಹೇಳ್ತೇನೆ" ಎಂದಿದ್ದಳು. ಹೇಳಲಿಕ್ಕೆ ಅವಳಿಗೆ ಏನೂ ಅಡ್ಡಿಯಿರಲಿಲ್ಲ. ಇಬ್ಬರದೂ ಕಡಲಿಗೆ ಹೋಗುವವರ ಮನೆ, ಇಬ್ಬರದೂ ಮನೆಮಾತು ತುಳು, ಅವನ ಕುದ್ರೋಳಿಗೂ ಇವಳ ಕಾಟಿಪಳ್ಳಕ್ಕೂ ನೆಂಟಸ್ತಿಕೆ ಹೊಸತಲ್ಲ. ಮನಸ್ಸು ಯಾವಾಗಲೋ ಒಪ್ಪಿಯಾಗಿತ್ತು. ಇದ್ದದ್ದು ಒಂದೇ ಒಂದು ಅನುಮಾನ.

ಆರ್ಥರ್ ಸರ್ ಅವರ ಪುಟ್ಟ ಕಂಪನಿ ಒಂದು ಟೆಕ್ಸ್ಟ್ ಎಡಿಟರ್ ಮಾಡಿತ್ತು. ಊರಿನ ಪ್ರೆಸ್ಸಿನವರು, ಸಣ್ಣಪುಟ್ಟ ಪತ್ರಿಕೆಯವರು ಕನ್ನಡ ಟೈಪ್ ಮಾಡುವುದು ಅದರಲ್ಲಿಯೇ. ಅದರ ಹೊಟ್ಟೆಯೊಳಗೆಲ್ಲ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ. ಪದ ಅಳಿಸಲಿಕ್ಕೆ ಒಂದು ಫಂಕ್ಷನ್, ಹುಡುಕಲಿಕ್ಕೆ ಒಂದು, ಸೇವ್ ಮಾಡಲಿಕ್ಕೆ ಒಂದು. ಯಾವ ಫಂಕ್ಷನ್ನಿಗೆ ಏನು ಕೊಡಬೇಕು, ಅದು ಏನು ಮಾಡುತ್ತದೆ ಎಂದು ತಿಳಿಸುವ ಮ್ಯಾನ್ಯುವಲ್ ಮಾತ್ರ ಒಂಬತ್ತು ವರ್ಷದಿಂದ ಯಾರೂ ಮುಟ್ಟದೆ ಬಿದ್ದಿತ್ತು. ಅದನ್ನು ಹೊಸ ಆವೃತ್ತಿಗೆ ತಕ್ಕಂತೆ ತಿದ್ದಿ ಬರೆಯಲು ಆರು ತಿಂಗಳ ಮಟ್ಟಿಗೆ ಬಂದವಳು, ಕನ್ನಡ ಎಂ.ಎ. ಮಾಡಿದ ಹರ್ಷಿತಾ. ಕೋಡ್ ಬರೆಯುವವನು ಯತಿನ್ ಒಬ್ಬನೇ.

ಮೊದಲ ದಿನ ಅವನ ಕೋಡಿನ ಹಾಳೆ ಹಿಡಿದು ಅವಳು ಕಣ್ಣು ಕಣ್ಣು ಬಿಟ್ಟಿದ್ದಳು.

"ಇಷ್ಟೊಂದು ಬ್ರಾಕೆಟ್ ಎಂತಕ್ಕೆ?"

"ತೆರೆದದ್ದನ್ನೆಲ್ಲ ಮುಚ್ಚಬೇಕಲ್ಲ."

"ನಿಮ್ಮ ಬಾಯಿಯನ್ನು ಮಾತ್ರ ತೆರೆಯುವ ಮೊದಲೇ ಮುಚ್ಚಿದ್ದೀರಿ."

ಅವನು ತಲೆ ಎತ್ತಿ ಒಮ್ಮೆ ನೋಡಿ, ಕಿವಿಯವರೆಗೆ ಕೆಂಪಾಗಿ, ಮತ್ತೆ ಕೀಬೋರ್ಡಿಗೆ ಬಗ್ಗಿದ. ಆ ಕೆಂಪು ಕಿವಿ ಅವಳಿಗೆ ಅಂದೇ ಇಷ್ಟವಾಯಿತು.

ಕೆಲಸದ ಕ್ರಮ ಹೀಗಿತ್ತು. ಅವಳ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಎಡಿಟರ್. ಹೊಸತು ಇನ್ನೂ ಅರೆಬರೆ, ಅದು ಯತಿನನ ಯಂತ್ರದಲ್ಲಿ ಮಾತ್ರ ಓಡುತ್ತಿತ್ತು. ಅವಳು ಕೋಡ್ ಓದಿ, ಅರ್ಥವಾದಷ್ಟನ್ನು ಪುಟವಾಗಿ ಬರೆದು ಸಂಜೆ ಕಳಿಸಬೇಕು. ಅವನು ತನ್ನ ಯಂತ್ರದಲ್ಲಿ ಓಡಿಸಿ ನೋಡಿ, ಸರಿಯಿದ್ದರೆ ಪುಟದ ಕೆಳಗೆ ಬರೆಯಬೇಕು. ಅವನು ಪ್ರತಿ ಬೆಳಿಗ್ಗೆ ಒಂದೇ ಮಾತು ಬರೆಯುತ್ತಿದ್ದ, ಸರಿ ಎಂದು. ಒಂದು ಕಾಮಾ ತಿದ್ದಿದವನಲ್ಲ.

ಮೊದಮೊದಲು ಅವಳಿಗೆ ಹೆಮ್ಮೆಯಾಯಿತು. ಆಮೇಲೆ ಪಿಚ್ಚೆನಿಸಿತು. ಲಿಸ್ಪಿನ ಗಂಧಗಾಳಿ ಇಲ್ಲದವಳು ಬರೆದ ಇನ್ನೂರ ಎಪ್ಪತ್ತು ಪುಟದಲ್ಲಿ ಒಂದೂ ತಪ್ಪಿಲ್ಲ ಎಂದರೆ ನಂಬುವುದು ಹೇಗೆ?

ಅದಕ್ಕೆ ಮನೆಯ ನೆನಪೂ ಸೇರಿಕೊಂಡಿತು. ಅಮ್ಮ ಸುಂದರಿ ಮೂವತ್ತು ವರ್ಷದಿಂದ ಅಪ್ಪ ಗಿರಿಯಪ್ಪನ ಹತ್ತಿರ ಮಾತಾಡುತ್ತಲೇ ಬಂದಿದ್ದಾಳೆ. ಬೋಟಿನಿಂದ ಬಂದ ಅಪ್ಪ ಗೋಡೆಗೆ ಒರಗಿ ಎಲ್ಲದಕ್ಕೂ "ಹೂಂ" ಅನ್ನುತ್ತಾನೆ. ಎದೆ ನೋಯುತ್ತಿದೆ ಎಂದು ಅಮ್ಮ ಹೇಳಿದ ದಿನವೂ ಹೂಂ ಎಂದು ಮಗ್ಗುಲು ಬದಲಿಸಿದ್ದ. ಕೆಟ್ಟವನಲ್ಲ, ಕೇಳಿಸಿಕೊಳ್ಳುವವನಲ್ಲ ಅಷ್ಟೆ. ಅಂಥ ಇನ್ನೊಂದು ಗೋಡೆಯೊಡನೆ ಬಾಳು ಕಳೆಯಲಿಕ್ಕೆ ಹರ್ಷಿತಾಗೆ ಭಯವಿತ್ತು.

ಹಾಗೆಂದು ಅವನ ಮೇಲಿನ ಪ್ರೀತಿಯೇನು ಕಡಿಮೆಯಾಗಿರಲಿಲ್ಲ. ಕೊಂಕಣಿ ಮನೆಮಾತಿನ ಆರ್ಥರ್ ಸರ್ ಇರುವುದರಿಂದ ಕಚೇರಿಯಲ್ಲಿ ಎಲ್ಲರದೂ ಕನ್ನಡ. ಅವಳು ಅವನೊಡನೆ ತುಳು ಆಡುತ್ತಿದ್ದದ್ದು ದಿನಕ್ಕೆ ಒಂದೇ ಸಲ. ಕೆಲಸಕ್ಕೆ ಕೂತರೆ ಯತಿನನಿಗೆ ಹಸಿವು ಗೊತ್ತಾಗುತ್ತಿರಲಿಲ್ಲ. ಒಂದು ಗಂಟೆ ಕಳೆದ ಮೇಲೆ ಅವಳು ಪರದೆಯ ಅಂಚಿನಿಂದ ಇಣುಕಿ ಮೆಲ್ಲಗೆ ಕೇಳುತ್ತಿದ್ದಳು.

"ವನಸ್ ಆಂಡಾ?"

"ಇಜ್ಜಿ."

ಇಲ್ಲ ಎಂಬ ಆ ಉತ್ತರಕ್ಕೆ, ಅಮ್ಮ ಮಾಡಿಕೊಟ್ಟ ಬಂಗುಡೆ ಪುಳಿಮುಂಚಿಯಲ್ಲಿ ಅರ್ಧ ಅವನ ಡಬ್ಬಿಯ ಮುಚ್ಚಳಕ್ಕೆ ಹೋಗುತ್ತಿತ್ತು. ಅವನು ಮುಳ್ಳು ಬಿಡಿಸುತ್ತಾ ನಡುವೆ ಒಮ್ಮೆ ಅವಳನ್ನು ನೋಡುತ್ತಿದ್ದ. ಅವಳು ನೋಡಿದರೆ ಮೀನನ್ನು ನೋಡುತ್ತಿದ್ದ.

ಸುಳ್ಳು ಬರೆದ ಮರುದಿನ ಹತ್ತು ಗಂಟೆಗೆ ಅವಳು ಬ್ಯಾಗು ಇಳಿಸುವ ಮೊದಲೇ ಆ ಪುಟ ತೆರೆದಳು. ಕೆಳಗೆ ಎಂದಿನಂತೆ ಇತ್ತು: ಸರಿ.

ನೇರ ಅವನ ಮೇಜಿನ ಹತ್ತಿರ ಹೋದಳು.

"ನಿನ್ನೆಯ ಪುಟ ಓದಿದ್ರಾ?"

"ಓದಿದೆ." ಅವನ ತುಟಿಯ ಕೊನೆಯಲ್ಲಿ ಸಣ್ಣ ನಗುವಿತ್ತು.

"ಎಲ್ಲ ಸರಿ ಉಂಟಾ?"

"ಸರಿ ಉಂಟು. ಒಂದು ಗಂಟೆಗೆ ಇಲ್ಲಿ ಬನ್ನಿ, ಒಂದು ತೋರಿಸ್ಲಿಕ್ಕುಂಟು."

"ಇದ್ದದ್ದನ್ನು ಈಗಲೇ ತೋರಿಸಿ."

"ಈಗ ಆಗುದಿಲ್ಲ. ಒಂದು ಗಂಟೆ ಆಗ್ಬೇಕು."

ಓದದೆ ಸಿಕ್ಕಿಬಿದ್ದವನು, ಈಗ ಓದಲಿಕ್ಕೆ ಮೂರು ಗಂಟೆ ಕೇಳುತ್ತಿದ್ದಾನೆ ಎಂದೇ ಅವಳು ತಿಳಿದಳು. ಕಣ್ಣಲ್ಲಿ ನೀರು ತುಂಬಿತು, ನೀರು ಬಂದದ್ದಕ್ಕೆ ಸಿಟ್ಟೂ ಬಂತು.

"ಒಂದು ಪುಟವನ್ನಾದ್ರೂ ನೀವು ಓದಿದ್ದುಂಟಾ ಯತಿನ್? ನಮ್ಮಪ್ಪನ ಹೂಂಗೂ ನಿಮ್ಮ ಸರಿಗೂ ಎಂತ ವ್ಯತ್ಯಾಸ ಉಂಟು? ನನ್ನಿಂದಾಗುದಿಲ್ಲ ಇದು."

ನಗು ಅವನ ಮುಖದಿಂದ ಇಳಿಯಿತು. "ಒಂದು ಗಂಟೆವರೆಗೆ ನಿಲ್ಲಿ ಹರ್ಷಿತಾ. ಮತ್ತೆ ಎಂತ ಬೇಕಾದ್ರೂ ಹೇಳಿ."

ಅವಳು ನಿಲ್ಲಲಿಲ್ಲ. ತಲೆನೋವೆಂದು ಆರ್ಥರ್ ಸರ್‌ಗೆ ಹೇಳಿ ಹನ್ನೊಂದರ ಬಸ್ಸು ಹಿಡಿದಳು. ಉಳಿದ ನಾಲ್ಕು ಪುಟ ಮನೆಯಿಂದಲೇ ಕಳಿಸಿದಳು. ಭಾನುವಾರ, ಅವನು ಕೇಳಿದ್ದಕ್ಕೆ ಮೊಬೈಲಿನಲ್ಲಿ ಒಂದೇ ಪದ ಬರೆದಳು, "ಬೇಡ" ಎಂದು. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು.

"ಸರಿ."

ಆ ದಿನ ಅವಳು ಅತ್ತಷ್ಟು ಯಾವ ದಿನವೂ ಅತ್ತಿರಲಿಲ್ಲ. ಇದಕ್ಕೂ ಸರಿ ಅನ್ನುತ್ತಾನಲ್ಲ ಎಂದು ಅತ್ತಳು.

ಆಮೇಲೆ ಕಾಟಿಪಳ್ಳದ ಒಂದು ಶಾಲೆಯಲ್ಲಿ ಕನ್ನಡ ಟೀಚರಾದಳು. ಹೊಸ ಎಡಿಟರ್ ಬಿಡುಗಡೆಯಾಯಿತಂತೆ ಎಂದು ಕೇಳಿದಳು, ತೆರೆದು ನೋಡಲಿಲ್ಲ. ಯತಿನನಿಗೆ ಮದುವೆಯಾಯಿತಂತೆ, ಬೇರೆ ಕಡೆ ಕೆಲಸಕ್ಕೆ ಸೇರಿದನಂತೆ ಎಂದೂ ಕೇಳಿದಳು. ಒಂದೂವರೆ ವರ್ಷ ಕಳೆದು, ರಜೆಯಲ್ಲಿ ಒಂದು ದಿನ ಆರ್ಥರ್ ಸರ್ ಫೋನ್ ಮಾಡಿದರು.

"ಹರ್ಷಿತಾ, ಮ್ಯಾನ್ಯುವಲ್ ಇನ್ನೊಮ್ಮೆ ತಿದ್ಲಿಕ್ಕುಂಟು. ಒಂದು ವಾರದ ಕೆಲಸ. ಮತ್ತೆ ಒಂದು ವಿಚಿತ್ರ ಉಂಟು ಮಾರಾಯ್ತಿ. ಪ್ರೆಸ್ಸಿನವರು ಕಂಪ್ಲೇಂಟ್ ಮಾಡ್ತಾ ಇದ್ದಾರೆ. ಮಧ್ಯಾಹ್ನ ಸೇವ್ ಮಾಡ್ಲಿಕ್ಕೆ ಹೋದ್ರೆ ಎಡಿಟರ್ ಊಟದ ವಿಷಯ ಕೇಳ್ತದಂತೆ. ತೆಗಿ ಅಂದ್ರೆ ಯತಿನ್ ಜಾಗಕ್ಕೆ ಬಂದ ನಮ್ಮ ದೀಪೇಶ್ ಮುಟ್ಟುದಿಲ್ಲ. ಮ್ಯಾನ್ಯುವಲ್‌ನಲ್ಲಿ ಉಂಟು ಸರ್, ಅದು ತಪ್ಪಲ್ಲ ಅಂತಾನೆ."

"ಸೋಮವಾರವೇ ಬರ್ತೇನೆ ಸರ್" ಎಂದು ಹೇಳಿ ಅವಳು ಫೋನ್ ಇಟ್ಟಳು.

ಸೋಮವಾರ ಅವಳಿಗೆ ಕೂರಲು ಕೊಟ್ಟದ್ದು ಯತಿನನ ಹಳೆಯ ಯಂತ್ರವನ್ನೇ. ಅದರಲ್ಲಿ ಅವನು ಕೋಡ್ ತಿದ್ದಿದ ಪ್ರತಿ ಸಲದ ತಾರೀಕು, ಗಂಟೆ, ಕಾರಣ ಎಲ್ಲ ದಾಖಲಾಗಿತ್ತು. ಅವಳು ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದಳು.

ಅಳಿಸಿದ ಪದ ಮರಳಿ ಸಿಗುತ್ತದೆ ಎಂದು ಅವಳು ತಪ್ಪಾಗಿ ಬರೆದಿದ್ದಳು. ಸಿಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯಿಂದ ಸಿಗುವ ಹಾಗೆ ಅವನು ಮಾಡಿದ್ದ. ಹುಡುಕಾಟ ಮುಗಿದ ಮೇಲೆ ಕರ್ಸರ್ ಮೊದಲಿದ್ದ ಜಾಗಕ್ಕೆ ಬರುತ್ತದೆ ಎಂದು ಬರೆದಿದ್ದಳು. ಬರುತ್ತಿರಲಿಲ್ಲ, ಬರುವ ಹಾಗೆ ಮಾಡಿದ್ದ. ಅಂಥವು ಮೂವತ್ತೊಂದು. ಮೂವತ್ತೊಂದಕ್ಕೂ ಕಾರಣದ ಜಾಗದಲ್ಲಿ ಒಂದೇ ಸಾಲು: ಮ್ಯಾನ್ಯುವಲ್‌ನಲ್ಲಿ ಹೀಗೆ ಉಂಟು.

ಕೊನೆಯದು ಅವಳು ಸುಳ್ಳು ಬರೆದ ಮರುದಿನದ್ದು, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಪುಟದ ಕೆಳಗೆ ಸರಿ ಎಂದು ಬರೆದದ್ದು ಒಂಬತ್ತಕ್ಕೆ. ಅವನು ಸರಿ ಎಂದು ಬರೆಯುವ ಹೊತ್ತಿಗೆ ಅದು ನಿಜವಾಗಿಯೂ ಸರಿಯಾಗಿತ್ತು. ಒಂದು ಗಂಟೆಯಾಗದೆ ತೋರಿಸಲು ಬರುತ್ತಿರಲಿಲ್ಲ, ಅಷ್ಟೆ.

ಇವಳ ಒಂದೊಂದು ಅಕ್ಷರವನ್ನೂ ಓದಿದವನು ಲೋಕದಲ್ಲಿ ಒಬ್ಬನಿದ್ದ. ಅವನನ್ನೇ ಓದದವನೆಂದು ಬಿಟ್ಟು ಬಂದಿದ್ದಳು.

ಕೆಲವು ಫಂಕ್ಷನ್ ವಿವರಿಸಿ ಹೋಗಲು ಆರ್ಥರ್ ಸರ್ ಯತಿನನನ್ನು ಶನಿವಾರ ಕರೆಸಿದ್ದರು. ಹನ್ನೊಂದಕ್ಕೆ ಬಂದ. ಸ್ವಲ್ಪ ದಪ್ಪಗಾಗಿದ್ದ. ಬೆರಳಲ್ಲಿ ಉಂಗುರವಿತ್ತು. ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿ, ಆರ್ಥರ್ ಸರ್ ಒಳಗೆ ಹೋದ ಮೇಲೆ ಅವಳು ಆ ಮೂವತ್ತೊಂದರ ಪಟ್ಟಿಯನ್ನು ತೆರೆದು ಅವನ ಮುಂದಿಟ್ಟಳು.

"ತಪ್ಪು ಬರೆದಿದ್ದೀರಿ ಅಂತ ಒಂದು ಸಲವಾದ್ರೂ ಹೇಳ್ಬಹುದಿತ್ತಲ್ಲ."

"ನನ್ನ ಕೋಡಿಗಿಂತ ನಿಮ್ಮ ಸಾಲು ಚೆಂದ ಇತ್ತು. ಕೋಡ್ ತಿದ್ದುದೇ ಸುಲಭ ಆಯ್ತು."

"ಆ ದಿನ ಬಾಯಿಬಿಟ್ಟು ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ ಯತಿನ್."

"ನೀವೇ ನೋಡ್ಬೇಕು ಅಂತ ಆಸೆ ಇತ್ತು."

"ಬೇಡ ಅಂತ ಬರೆದ ಮೇಲೆ? ಆಗಲಾದ್ರೂ?"

ಅವನು ಉಂಗುರವನ್ನು ತಿರುಗಿಸುತ್ತಾ ಕೂತ. "ನೀವು ಬರೆದದ್ದನ್ನು ನಾನು ಯಾವತ್ತೂ ತಿದ್ದಿಲ್ಲ ಹರ್ಷಿತಾ. ಅದನ್ನು ಹೇಗೆ ತಿದ್ದುದು?"

ಅದನ್ನು ತಿದ್ದುವ ಕಾಲ ಮೀರಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಅವನೂ ಕಿಟಕಿಯ ಕಡೆ ನೋಡಿದ.

"ಈಗ ಹೊತ್ತಿಗೆ ಸರಿ ಊಟ ಮಾಡ್ತೀರಾ?"

"ಮೋಕ್ಷಾ ಫೋನ್ ಮಾಡಿ ಕೇಳ್ತಾಳೆ." ಹೆಂಡತಿಯ ಹೆಸರನ್ನು ಅವನು ಮೆತ್ತಗೆ ಹೇಳಿದ. "ಒಳ್ಳೆಯವಳು."

"ಒಳ್ಳೆದಾಯ್ತು" ಎಂದಳು. ಆ ಮಾತು ಸುಳ್ಳಾಗಿರಲಿಲ್ಲ. ನೋವು ಅದಕ್ಕೇ ಹೆಚ್ಚಾಯಿತು.

ಬಾಗಿಲ ಹತ್ತಿರ ಅವನು ನಿಂತ. "ಆ ಊಟದ ಸಾಲು... ಹೋಗುವ ಮೊದಲು ನಾನೇ ತೆಗಿಲಿಕ್ಕೆ ನೋಡಿದೆ. ಕೈ ಬರ್ಲಿಲ್ಲ. ನೀವು ಬರೆದದ್ದು, ನೀವೇ ತೆಗ್ದ್ರೆ ನನಗೂ ಸುಲಭ."

"ತೆಗಿತೇನೆ" ಎಂದಳು ಹರ್ಷಿತಾ. ಅವನು ಮೆಟ್ಟಿಲು ಇಳಿಯುವ ಸದ್ದು ಕೊನೆಯ ಮೆಟ್ಟಿಲವರೆಗೂ ಅವಳಿಗೆ ಕೇಳಿಸಿತು.

ಆರ್ಥರ್ ಸರ್ ಊಟಕ್ಕೆ ಮನೆಗೆ ಹೋದರು, ದೀಪೇಶ್ ಹೋಟೆಲಿಗೆ ಹೋದ. ಅವಳು ಆ ಪುಟ ತೆರೆದು ಎರಡು ವಾಕ್ಯಗಳನ್ನು ಅಳಿಸಿದಳು. ಮ್ಯಾನ್ಯುವಲ್‌ನಲ್ಲಿ ಇಲ್ಲವೆಂದರೆ ದೀಪೇಶ್ ಕೋಡಿನಿಂದಲೂ ತೆಗೆಯುತ್ತಿದ್ದ. ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಸೇವ್ ಒತ್ತಿದಳು.

ಪರದೆಯ ಕೆಳಗೆ ಅಕ್ಷರಗಳು ಮೂಡಿದವು. "ವನಸ್ ಆಂಡಾ?"

ಕೇಳುತ್ತದೆ ಎಂದು ಗೊತ್ತಿದ್ದೂ ಅವಳು ಅದನ್ನು ಎರಡು ಸಲ ಓದಿದಳು. ಪಕ್ಕದಲ್ಲಿ ಎರಡು ಉತ್ತರಗಳಿದ್ದವು. ಆಂಡ್, ಆಯಿತು ಎಂದು ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಈ ಪುಟದಲ್ಲಿ ಒಂದು ಸಲ ಸುಳ್ಳು ಬರೆದದ್ದು ಸಾಕಾಗಿತ್ತು ಅವಳಿಗೆ. ಇಜ್ಜಿ ಎಂದು ಒತ್ತಿದಳು. ಎಡಿಟರ್ ಸೇವ್ ಮಾಡಲಿಲ್ಲ.

ಅವಳು ಕುರ್ಚಿ ಹಿಂದೆ ಸರಿಸಿ ಡಬ್ಬಿ ಬಿಚ್ಚಿದಳು. ಬಂಗುಡೆ ಪುಳಿಮುಂಚಿ. ಅಭ್ಯಾಸ ಬಲದಿಂದ ಅರ್ಧವನ್ನು ಮುಚ್ಚಳಕ್ಕೆ ಹಾಕಿ, ನೋಡಿ, ಮತ್ತೆ ತನ್ನ ಅನ್ನಕ್ಕೇ ಹಾಕಿಕೊಂಡಳು. ಅಳುತ್ತಲೇ ಉಂಡಳು. ಒಂದು ಅಗುಳು ಬಿಡದೆ, ಮುಳ್ಳುಗಳನ್ನು ನಿಧಾನವಾಗಿ ಬಿಡಿಸಿ, ಯಾರೋ ಎದುರು ಕೂತು ಕಾಯುತ್ತಿದ್ದಾರೆ ಎಂಬಂತೆ ಪೂರ್ತಿ ಉಂಡಳು. ಕೈ ತೊಳೆದು ಬರುವಾಗ ಎರಡು ಗಂಟೆಗೆ ಇನ್ನೂ ಆರು ನಿಮಿಷವಿತ್ತು.

ಮತ್ತೆ ಸೇವ್ ಒತ್ತಿದಳು.

"ವನಸ್ ಆಂಡಾ?"

"ಆಂಡ್" ಎಂದು ಬಾಯಲ್ಲಿಯೂ ಹೇಳಿ ಒತ್ತಿದಳು.

ಫೈಲ್ ಸೇವ್ ಆಯಿತು. ಹೊಸದಾಗಿ ತಿದ್ದಿದ ಪುಟದ ಕೆಳಗೆ, ಅವನು ಬರೆಯುತ್ತಿದ್ದ ಜಾಗ ಈಗ ಖಾಲಿಯಿತ್ತು. ಇನ್ನು ಅಲ್ಲಿ ಬರೆಯುವವರು ಯಾರೂ ಇರಲಿಲ್ಲ. ಹರ್ಷಿತಾ ತಾನೇ ಸರಿ ಎಂದು ಬರೆದು, ಆ ಕಡೆ ಈ ಕಡೆ ನೋಡದೆ ಮುಂದಿನ ಫಂಕ್ಷನ್ನಿನ ಪುಟ ತೆರೆದಳು.