ಹೊತ್ತು ತಿಳಿಯದ ಕಣ್ಣು

ಮೇಜಿನ ಮೇಲೆ ಒಂದು ಹಾಳೆ. ಹಾಳೆಯಲ್ಲಿ ಒಂದು ಮನೆ: ಅಳತೆಪಟ್ಟಿ ಹಿಡಿದು ಎಳೆದ ಗೋಡೆಗಳು, ಬಾಗಿಲಿದ್ದಲ್ಲೆಲ್ಲ ಸಣ್ಣ ಕಮಾನು. ನಾಲ್ಕು ಕೆಂಪು ಚುಕ್ಕೆ. ಒಂದೊಂದರಿಂದಲೂ ಬೀಸಣಿಗೆಯಂತೆ ಹರಡಿದ ಪೆನ್ಸಿಲ್ ಗೆರೆ. ಕೆಳಗೆ ಸಾಮಾನಿನ ಪಟ್ಟಿ. ಇಸ್ಪೀಟೆಲೆಯಷ್ಟಗಲದ ಪುಟ್ಟ ಕಂಪ್ಯೂಟರ್, ನಾಲ್ಕು. ಕ್ಯಾಮೆರಾ, ನಾಲ್ಕು. ಕೊನೆಯ ಸಾಲು ಮಾತ್ರ ಬೇರೆ ಕೈಬರಹ: ಗಡಿಯಾರದ ಬಿಲ್ಲೆ, ನಾಲ್ಕು. ಅದನ್ನು ಕೆಂಪು ಶಾಯಿಯಲ್ಲಿ ಎರಡು ಸಲ ಹೊಡೆದುಹಾಕಿ, ಪಕ್ಕದಲ್ಲಿ ‘ದಂಡ’ ಎಂದು ಬರೆದಿತ್ತು.

ಠಾಣೆಯಲ್ಲಿ ಅದನ್ನು ಹರಡಿ ಕೂತವರು ನಿವೃತ್ತ ವಿಮಾ ಅಧಿಕಾರಿ. ಮೂವತ್ತು ವರ್ಷ ಜನರ ನಷ್ಟವನ್ನೆಲ್ಲ ಸುಳ್ಳೆಂದು ಸಾಧಿಸಿಯೇ ಬಡ್ತಿ ಪಡೆದವರು. ಮಂಗಳವಾರ, ಹನ್ನೆರಡನೆಯ ತಾರೀಕು, ಮಧ್ಯಾಹ್ನ 2.15. ಹೆಂಡತಿಯ ಎರಡೆಳೆ ಚಿನ್ನದ ಸರ ಬೀರುವಿನಿಂದ ಕಾಣೆಯಾಗಿತ್ತು.

“ಕಳ್ಳಿ ಯಾರು ಅಂತ ನನ್ನ ಕ್ಯಾಮೆರಾ ಹಿಡಿದಿಟ್ಟಿದೆ. ನೀವು ಬಂದು ಕರ್ಕೊಂಡು ಹೋದ್ರಾಯ್ತು.”

“ಹಾಗಾದ್ರೆ ನಮ್ಮ ಸಂಬಳವೂ ದಂಡವೇ ಅನ್ನಿ,” ಎಂದರು ಇನ್ಸ್‌ಪೆಕ್ಟರ್.

2.50ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗವನ್ನು ಇನ್ಸ್‌ಪೆಕ್ಟರ್ ಖಾಲಿ ಬಿಡಿಸಿದರು. 3.30ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಅವರು ಆ ಮನೆ ಹೊಕ್ಕಾಗ, ಎಂಟು ವರ್ಷದಿಂದ ಅಲ್ಲಿ ಅಡುಗೆ ಮಾಡುತ್ತಿದ್ದಾಕೆ ಹೊಸಿಲ ಬಳಿ ನಿಂತಿದ್ದಳು. ಆಕೆಯ ಚೀಲವನ್ನು ಯಜಮಾನರು ಆಗಲೇ ಬೋರಲು ಹಾಕಿದ್ದರು: ಛತ್ರಿ, ಕನ್ನಡಕ, ಬಾಚಣಿಗೆ.

“ಹೆಸರು ಬರೆದ್ರಾ ಸಾರ್?”

“ಇನ್ನೂ ಇಲ್ಲ.”

“ಬರೆದ್ರೆ ಮುಗೀತು. ಇನ್ಯಾವ ಮನೇಲೂ ಒಲೆ ಮುಟ್ಟೋಕೆ ಬಿಡಲ್ಲ.”

ನೆರೆಯ ಇಬ್ಬರನ್ನು ಪಂಚರನ್ನಾಗಿ ಕರೆದು ಪಂಚನಾಮೆ ನಡೆಯಿತು. ಹೆಂಡತಿ ಹಲ್ಲಿನ ಡಾಕ್ಟರ ಬಳಿಗೆ ಹೊರಡುವಾಗ, 10.45ಕ್ಕೆ, ಸರ ಬಿಚ್ಚಿಟ್ಟಿದ್ದರು. ಮರಳಿದ್ದು ಒಂದು ಗಂಟೆಗೆ. ಕೋಣೆಯ ಬಾಗಿಲನ್ನೇ ನೋಡುವ ಕ್ಯಾಮೆರಾದಲ್ಲಿ, ಆಮೇಲೆ ಒಳಹೋದದ್ದು ಒಬ್ಬಳೇ: 12.35ಕ್ಕೆ ಪೊರಕೆ ಹಿಡಿದ ಅಡುಗೆಯಾಕೆ.

“10.15ಕ್ಕೆ ಹೋದವನು ಯಾರು?”

“ನನ್ನ ಭಾಮೈದ. ಬಿಟ್ಟಿ ಕೂಳಿನವನು. ಆಗಿನ್ನೂ ಸರ ನನ್ನ ಹೆಂಡತಿ ಕೊರಳಲ್ಲೇ ಇತ್ತು, ಬಿಡಿ.”

ಹೆಂಡತಿ ನೆಲ ನೋಡಿದರು. ಟಿವಿ ರಿಪೇರಿ ಮಾಡಿಕೊಂಡಿದ್ದ ಅವರ ತಮ್ಮ ಕಿಟಕಿ ನೋಡಿದ.

ಕಾನ್‌ಸ್ಟೇಬಲ್ ಚಿತ್ರವನ್ನು ಹಿಂದಕ್ಕೆ ಓಡಿಸಿದಳು. “ಸರ್, ಅಮ್ಮ 10.45ಕ್ಕೆ ಈ ಕೋಣೆಯಿಂದ ಹೊರಟ್ರಲ್ಲ? ಇದರಲ್ಲಿ ಆ ಹೊತ್ತಿಗೆ ಖಾಲಿ ಬಾಗಿಲಿದೆ. 11ರಿಂದ ಒಮ್ಮೆಗೇ 12.30ಕ್ಕೆ ಹಾರಿದೆ.”

ಇನ್ಸ್‌ಪೆಕ್ಟರ್ ವಿದ್ಯುತ್ ಕಚೇರಿಗೆ ಫೋನ್ ಮಾಡಿದರು. ಆ ಬೀದಿಗೆ ಹತ್ತರಿಂದ ಹನ್ನೊಂದೂವರೆವರೆಗೆ ಕರೆಂಟ್ ಇರಲಿಲ್ಲ. ಹಿಂದಿನ ದಿನದ ಪತ್ರಿಕೆಯಲ್ಲೇ ಪ್ರಕಟವಾಗಿತ್ತು.

“ಕರೆಂಟಿಲ್ಲದೆ ನಿಮ್ಮ ಕ್ಯಾಮೆರಾ ಹೇಗೆ ನೋಡ್ತು ಸ್ವಾಮಿ?”

ಉತ್ತರ ಬಂದದ್ದು ಕಿಟಕಿಯ ಕಡೆಯಿಂದ.

“ಆ ಪುಟ್ಟ ಕಂಪ್ಯೂಟರಿಗೆ ಸ್ವಂತ ಗಡಿಯಾರ ಇಲ್ಲ ಸಾರ್. ಎದ್ದ ಕೂಡ್ಲೆ ಇಂಟರ್ನೆಟ್ಟನ್ನ ಹೊತ್ತು ಕೇಳತ್ತೆ. ಸಿಗದಿದ್ರೆ ಮಲಗಿದ ಹೊತ್ತಿಂದಲೇ ಲೆಕ್ಕ ಶುರು.”

“ಇಂಟರ್ನೆಟ್ ಯಾಕೆ ಸಿಗಲಿಲ್ಲ?”

“ಭಾವ ದಿನಾ ಹೊರಗೆ ಹೊರಡೋವಾಗ ಅದನ್ನ ಆರಿಸಿ, ಅದರ ಪೆಟ್ಟಿಗೆಗೆ ಬೀಗ ಹಾಕಿ ಹೋಗ್ತಾರೆ. ನಾನು ಸಿನಿಮಾ ನೋಡ್ತೀನಂತೆ. ಇವತ್ತು ವಾಪಸ್ ಬಂದು ಹಾಕಿದ್ದು 12.30ಕ್ಕೆ.”

ಹಾಗಾದರೆ ಹನ್ನೊಂದೂವರೆಗೆ ಎದ್ದ ಕ್ಯಾಮೆರಾ ಹತ್ತು ಗಂಟೆಯೆಂದು ಬರೆದುಕೊಂಡಿತ್ತು. ಅದು 10.15 ಎಂದದ್ದು ನಿಜಕ್ಕೂ 11.45, ಸರ ಬೀರುವಿನಲ್ಲಿದ್ದ ಹೊತ್ತು. ಇನ್ಸ್‌ಪೆಕ್ಟರ್ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಇದು ನಿನ್ನ ಅಕ್ಷರ ಅಲ್ವಾ?”

“ಹೌದು. ಗಡಿಯಾರದ ಬಿಲ್ಲೆ ಹಾಕೋಣ ಭಾವ ಅಂದೆ. ನಾಲ್ಕೂ ಪೆಟ್ಟಿಗೆ ಬೆಸುಗೆ ಹಾಕಿದ್ದು ನಾನು. ಬಂದವರ ಮುಂದೆ ಹಾಳೆ ಹಿಡಿದು ನಕ್ಕರು, ‘ಕೂತು ತಿನ್ನೋನಿಗೆ ಹೊತ್ತಿನ ಚಿಂತೆ ನೋಡಿ’ ಅಂತ.” ಅವನ ದನಿ ಏರಲಿಲ್ಲ. “ಸರ ಗೇಟಿನ ಕ್ಯಾಮೆರಾದ ಡಬ್ಬಿಯಲ್ಲಿದೆ. ಮಾರೋಕೆ ತೆಗೀಲಿಲ್ಲ. ಅವರ ಹಾಳೆ ತಪ್ಪು ಅಂತ ಒಂದ್ಸಲ ಅವರಿಗೇ ಕಾಣಬೇಕಿತ್ತು.”

“ಈಕೆಯನ್ನ ಕಳ್ಳಿ ಅಂದಾಗ?”

“ಸುಮ್ಮನಿದ್ದೆ.”

ಅದುವರೆಗೆ ಒಬ್ಬನಿಗೇ ಮೀಸಲಾಗಿದ್ದ ಇನ್ಸ್‌ಪೆಕ್ಟರರ ತಿರಸ್ಕಾರ ಈಗ ಇಬ್ಬರಿಗೂ ಹಂಚುವಷ್ಟಾಯಿತು. ಒಬ್ಬ ಇಡೀ ಮನೆಗೆ ಕಣ್ಣು ಕೊಟ್ಟು ತಾನು ಕುರುಡಾಗಿದ್ದ. ಇನ್ನೊಬ್ಬ ಕಣ್ಣಾರೆ ಕಂಡೂ ನಾಲಿಗೆ ನುಂಗಿಕೊಂಡಿದ್ದ. 5.10ಕ್ಕೆ ಸರ ಜಪ್ತಿಯಾಯಿತು. 5.25ಕ್ಕೆ ಬಂಧನ. ಕಾರಣವೆಂಬ ಕಡೆ ಅವರು ಬರೆದದ್ದು ಇಷ್ಟೇ: ‘ಅವಮಾನ.’

ವಿಮಾ ಅಧಿಕಾರಿ ಹಾಳೆಯನ್ನು ಮಡಚುತ್ತ, ಅಡುಗೆಯಾಕೆಯ ಕಡೆ ತಿರುಗದೆಯೇ ಅಂದರು: “ಆಯ್ತಲ್ಲ. ನಾಳೆ ಎಂದಿನ ಹೊತ್ತಿಗೆ ಬಾ.”

ಆಕೆ ಕನ್ನಡಕವನ್ನೂ ಬಾಚಣಿಗೆಯನ್ನೂ ಚೀಲಕ್ಕೆ ಸೇರಿಸಿದಳು. ಛತ್ರಿಯನ್ನು ಕೈಯಲ್ಲೇ ಹಿಡಿದಳು.

“ಒಲೆ ಮೇಲೆ ಹಾಲಿದೆ, ಇನ್ಮೇಲೆ ನೀವೇ ಕಾಯಿಸ್ಕೊಳ್ಳಿ. ಉಕ್ಕದ ಹಾಗೆ ನೋಡ್ತಾ ಇರಿ ಯಜಮಾನ್ರೇ. ನೋಡೋದು ನಿಮಗೆ ಚೆನ್ನಾಗಿ ಬರತ್ತೆ.”

ಆಕೆಯ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.