ಗೇಟಿನ ಮುಂದೆ ನಿಲ್ಲದ ಬಸ್ಸು

"ಇಳಿಸಿ ಅವರನ್ನ! ಈಗಲೇ ಇಳಿಸಿ!"

ರಸ್ತೆಗೆ ಅಡ್ಡವಾಗಿ ಬೈಕ್ ನಿಲ್ಲಿಸಿ, ಏದುಸಿರು ಬಿಡುತ್ತ ಒಬ್ಬ ಯುವಕ ಬಸ್ಸಿನ ಬಾಗಿಲಿಗೆ ಓಡಿ ಬಂದಿದ್ದ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಸಂಜೆಯ ಸರ್ಕಾರಿ ಬಸ್ಸು ಅದು. ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತವಳು ಅದರ ಕಂಡಕ್ಟರ್ ಸ್ವಪ್ನಾ.

"ಯಾಕೆ ಇಳಿಸ್ಬೇಕು? ಟಿಕೆಟ್ ತಗೊಂಡಿದ್ದಾರೆ."

"ಮೇಡಂ, ನಿಮಗೆ ಗೊತ್ತಿಲ್ಲ..."

"ಎಲ್ಲಾ ಗೊತ್ತು! ದಿನಾ ನೋಡ್ತೀನಿ. ಪಾಪ, ಇವರು ನಿಮ್ಮ ಗೇಟಿನ ಹತ್ರ ಚೀಲ ಹಿಡ್ಕೊಂಡು ಬಸ್ಸಿಗೆ ಕೈ ಮಾಡ್ತಾರೆ. ನೀವು ಹಿಂದಿನಿಂದ ಬಂದು ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ತೀರಿ. ಅದೇನು ವೃದ್ಧಾಶ್ರಮವಾ, ಜೈಲಾ?"

"ಸರಿಯಾಗಿ ಕೇಳಿದ್ಯಮ್ಮ!" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಸ್ವಪ್ನಾಳಿಗೆ ಇನ್ನಷ್ಟು ಧೈರ್ಯ ಬಂತು.

ಯುವಕ ಅವಳ ಜೊತೆ ವಾದಕ್ಕೆ ನಿಲ್ಲಲಿಲ್ಲ. ಅವಳ ಕೈಯ ಕೆಳಗಿಂದಲೇ ಬಗ್ಗಿ ನೋಡಿದ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತಿದ್ದ ಮುದುಕರನ್ನು ಕಂಡಕೂಡಲೇ ಅವನ ದನಿಯೇ ಬದಲಾಯಿತು.

"ಮುಕುಂದಯ್ಯನೋರೆ, ಇದು ಹುಂಚದ ಬಸ್ಸಲ್ಲ. ಬೇರೆ ಬಸ್ಸು ಹತ್ತಿದ್ರಿ. ಬನ್ನಿ, ಕಾಫಿ ಆರ್ತದೆ."

"ಹೌದಾ!" ಮುಕುಂದಯ್ಯ ಧಡಕ್ಕನೆ ಎದ್ದರು. ಸ್ವಪ್ನಾಳನ್ನು ದುರುಗುಟ್ಟಿ ನೋಡಿದರು. "ಎಂತ ಮಾರಾಯ್ತಿ, ಹತ್ತೋವಾಗಲೇ ಹೇಳ್ಬಾರ್ದಾ ನೀನು?"

ಅಯ್ಯೋ ದೇವರೇ... ಯಾರ ಪರವಾಗಿ ಇವಳು ಜಗಳಕ್ಕೆ ನಿಂತಿದ್ದಳೋ ಅವರೇ ಬೈದು ಇಳಿದರು! ಇಳಿದವರು ಯುವಕನ ಮುಖ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು, "ನೀವು ಯಾರ ಪೈಕಿ?"

"ನಾನು ದುರ್ಗೇಶ. ನಿಮ್ಮ ಜೊತೆಗೇ ಇರೋನು," ಎಂದ ಅವನು. ಆಮೇಲೆ ಸ್ವಪ್ನಾಳ ಕಡೆ ತಿರುಗಿ ಮೆಲ್ಲಗೆ ಹೇಳಿದ. "ಹುಂಚದಲ್ಲಿ ಯಾರಿದ್ದಾರೆ ಅಂತ ಕೇಳಿದ್ರಾ ಇವರನ್ನ?"

"ಹೆಂಡ್ತಿ ಗಂಗಾ ಕಾಯ್ತಾ ಇದ್ದಾಳೆ ಅಂದ್ರು. ಹೊಸನಗರದಲ್ಲಿ ಹುಂಚದ ಬಸ್ಸಿಗೆ ನಾನೇ ಹತ್ತಿಸೋಣ ಅಂತಿದ್ದೆ."

"ಗಂಗಮ್ಮ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಆ ಮನೆಯೂ ಈಗ ಇಲ್ಲ. ಕತ್ತಲಾದ ಮೇಲೆ ಯಾರ ಬಾಗಿಲು ತಟ್ಟಬೇಕಿತ್ತು ಇವರು?"

ಸ್ವಪ್ನಾ ಬಾಗಿಲು ಎಳೆದುಕೊಂಡು ಸೀಟಿ ಹೊಡೆದಳು.

ಮರುದಿನ ಬೆಳಿಗ್ಗೆ ರಜೆ ಮುಗಿಸಿ ಬಂದ ಡ್ರೈವರ್ ಕನ್ನಪ್ಪನನ್ನು ಅವಳು ಸುಮ್ಮನೆ ಬಿಡಲಿಲ್ಲ.

"ನಿಮಗೆ ಗೊತ್ತಿತ್ತಲ್ವಾ ಕನ್ನಪ್ಪಣ್ಣ? ಹೇಳ್ಬಾರ್ದಾ?"

"ಅವರು ಬಸ್ಸಿಗೆ ಬರೋರಲ್ಲ ಬಿಡು ಅಂತ ಹೇಳಿದ್ನಲ್ಲ. ಊರಲ್ಲಿರೋದನ್ನೆಲ್ಲ ಕೆದಕಿ ಕೆದಕಿ ಕೇಳೋಳು ಅದೊಂದನ್ನ ಕೇಳ್ಲಿಲ್ಲ. ನಾನು ರಜೆ ಹಾಕಿದ ದಿನವೇ ನೋಡಿ ಸೀಟಿ ಹೊಡೆದು ನಿಲ್ಸಿದ್ದೀ, ಬಡ್ಡಿಮಗಂದು!"

ಸಂಗತಿ ಇಷ್ಟೇ. ಸಂಜೆ ಆಯಿತೆಂದರೆ ಮುಕುಂದಯ್ಯನವರಿಗೆ ಮನೆಗೆ ಹೋಗುವ ತಹತಹ. ಬೇಡವೆಂದರೆ ಕಾಂಪೌಂಡ್ ಹಾರಲು ನೋಡುತ್ತಾರೆ. ಅದಕ್ಕೇ ಅವರ ಚೀಲ ತುಂಬಿಸಿ, ಶರಟಿನ ಗುಂಡಿ ಹಾಕಿ, ಆ ಮನೆ ನಡೆಸುವ ದುರ್ಗೇಶನೇ ಗೇಟಿಗೆ ಕರೆತಂದು ನಿಲ್ಲಿಸಿ, ತಾನು ಸ್ವಲ್ಪ ಹಿಂದೆ ಇರುತ್ತಾನೆ. ಕನ್ನಪ್ಪ ಬಸ್ಸು ನಿಲ್ಲಿಸದೆ ಹೋಗುತ್ತಾನೆ. "ಫುಲ್ ಆಗಿತ್ತು, ನಾಳೆ ಹೋಗೋಣ," ಎಂದರೆ ಮುಕುಂದಯ್ಯ ಕನ್ನಪ್ಪನನ್ನು ಮನಸಾರೆ ಬೈದು, ಸಮಾಧಾನವಾಗಿ ಒಳಗೆ ಬಂದು ಊಟ ಮಾಡುತ್ತಾರೆ.

"ನಿತ್ಯ ಬೈಸ್ಕೊಳ್ಳೋದು ನಾನು. ಒಳ್ಳೆಯ ಹೆಸರು ಅವನಿಗೆ," ಎಂದು ಕನ್ನಪ್ಪ ನಕ್ಕ.

ಸ್ವಪ್ನಾಳಿಗೆ ನಗು ಬರಲಿಲ್ಲ. ಯಾಕೆಂದರೆ ಸಾಗರದ ಬಾಡಿಗೆ ಮನೆಯಲ್ಲಿ ಅವಳಿಗೂ ಒಬ್ಬರು ಇದ್ದರು... ದೊಡ್ಡಮ್ಮ ಪುಷ್ಪಮ್ಮ! ತಾಯಿ ಸತ್ತಾಗ ಕೂಸಾಗಿದ್ದವಳನ್ನು ಮಡಿಲಿಗೆ ಹಾಕಿಕೊಂಡು ಸಾಕಿದ ಜೀವ. ಈಗೀಗ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದರು. ಒಮ್ಮೆಯಂತೂ ಸ್ಕೂಲಿನಿಂದ ಬರುವ ಸ್ವಪ್ನಾಳಿಗೆ ಕಾಯುತ್ತ ಬಸ್ ಸ್ಟ್ಯಾಂಡಿನಲ್ಲಿ ಕೂತುಬಿಟ್ಟಿದ್ದರು. ಹಗಲೆಲ್ಲ ಅವರನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಶರಾವತಕ್ಕ ದೀಪಾವಳಿ ಕಳೆದ ಮೇಲೆ ಮಗಳ ಮನೆಗೆ ಹೊರಡುವವರು.

ಆಮೇಲೆ? ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ. ಬಿಡದಿದ್ದರೆ ದೊಡ್ಡಮ್ಮ ಒಬ್ಬರೇ. ಹಿರಿಯರ ಮನೆ ಎಂದು ಬಾಯಿ ತೆರೆದರೆ ಸಾಕು, ನೆಂಟರೆಲ್ಲ ಮೇಲೆ ಬೀಳುತ್ತಿದ್ದರು. "ಸಾಕಿದವಳನ್ನ ಆಶ್ರಮಕ್ಕೆ ತಳ್ತೀಯಾ? ಮುಖ ಹೇಗೆ ತೋರಿಸ್ತೀ?"

ಹೇಳುವವರ ಗಂಟೇನು ಹೋಗುತ್ತದೆ! ಅವರಲ್ಲಿ ಒಬ್ಬರೂ ಒಂದು ದಿನ ಬಂದು ಕೂತವರಲ್ಲ.

'ಅಲ್ಲಿ ಒಳಗೆ ಹೇಗಿದೆಯೋ? ಆ ಮನುಷ್ಯ ನಿಜವಾಗಿ ಒಳ್ಳೆಯವನೋ, ಒಳ್ಳೆಯವನ ಹಾಗೆ ಕಾಣುವವನೋ?' ಸ್ವಪ್ನಾಳ ತಲೆಯಲ್ಲಿ ಅದೊಂದೇ ಕೊರೆಯತೊಡಗಿತು.

ದಾರಿಯೂ ತಾನಾಗಿ ಸಿಕ್ಕಿತು. ಹೊಸನಗರದ ಮೆಡಿಕಲ್ ಶಾಪಿನಿಂದ ಆ ಮನೆಗೆ ಔಷಧಿಯ ಪ್ಯಾಕೆಟ್ ಬರುವುದು ಬೆಳಗಿನ ಬಸ್ಸಿನಲ್ಲೇ. ಮುಕುಂದಯ್ಯ ಸ್ನಾನದಲ್ಲಿರುವ ಹೊತ್ತು ಅದು, ಬಸ್ಸು ನಿಲ್ಲಬಹುದು. ಮೊದಲ ದಿನ ಅವಳು ಪ್ಯಾಕೆಟ್ ಕೊಟ್ಟು ತಲೆ ತಗ್ಗಿಸಿ "ಸಾರಿ" ಎಂದಳು. ತಲೆ ಎತ್ತಿದ ಮರುಕ್ಷಣವೇ ಕೇಳಿದಳು, "ದಿನಾ ಸುಳ್ಳು ಹೇಳೋಕೆ ಬೇಜಾರಾಗಲ್ವಾ ನಿಮಗೆ?"

ದುರ್ಗೇಶ ಪ್ಯಾಕೆಟ್ ಬಿಚ್ಚಿ ನೋಡುತ್ತ ಹೇಳಿದ. "ಆಗುತ್ತೆ. ಮೊದಲು ನಿಜ ಹೇಳಿ ನೋಡಿದೆ. ಗಂಗಮ್ಮ ಸತ್ತರು ಅಂತ ಪ್ರತಿ ಸಲ ಹೊಸದಾಗಿ ಕೇಳಿದ ಹಾಗೆ ಅತ್ತರು. ಅದನ್ನ ನೋಡೋಕಾಗ್ಲಿಲ್ಲ ನನಗೆ."

"ರೈಟ್, ರೈಟ್!" ಎಂದು ಕನ್ನಪ್ಪನೇ ಕೂಗಿ ಬಸ್ಸು ಹೊರಡಿಸಿದ.

ಅಲ್ಲಿಂದ ದಿನಕ್ಕೊಂದು ಪ್ರಶ್ನೆ. ಫುಟ್‌ಬೋರ್ಡಿನ ಮೇಲೆ ಇವಳು, ಗೇಟಿನ ಹತ್ತಿರ ಅವನು.

"ಗೇಟಿಗೆ ಬೀಗ ಯಾಕೆ?"

"ಎದುರಿಗೇ ರಸ್ತೆ. ಬೀಗ ನನಗೂ ಇಷ್ಟ ಇಲ್ಲ. ಬೀಗ ಬೇಕಾಗಿಲ್ಲದವರ ಕೈಗೆ ಒಂದೊಂದು ಕೀ ಕೊಟ್ಟಿದ್ದೀನಿ."

"ಇಷ್ಟು ಚಿಕ್ಕ ಮನೆ ಯಾಕೆ?"

"ಮಂಗಳೂರಲ್ಲಿ ದೊಡ್ಡ ಆಸ್ಪತ್ರೇಲಿ ನರ್ಸ್ ಆಗಿದ್ದೆ. ಅಲ್ಲಿ ಬೆಡ್ ನಂಬರಿಂದ ಕರೀತಿದ್ವಿ. ಇಲ್ಲಿ ಯಾರಿಗೆ ದೋಸೆ ಗರಿಗರಿ ಬೇಕು, ಯಾರಿಗೆ ಮೆತ್ತಗೆ ಬೇಕು ಅಂತ ಗೊತ್ತು."

"ನಿಮಗೇ ಜ್ವರ ಬಂದ್ರೆ?"

"ಅದು ನನಗೂ ಗೊತ್ತಿಲ್ಲ," ಎಂದ ಅವನು. ಮರುದಿನ ಪ್ಯಾಕೆಟ್ ತೆಗೆದುಕೊಳ್ಳುವಾಗ ಅವನೇ ಹೇಳಿದ, "ನಿನ್ನೆಯಿಂದ ಯೋಚನೆ ಮಾಡ್ತಿದ್ದೀನಿ. ನನ್ನ ಜೊತೆ ಕೆಲಸಕ್ಕಿರೋ ಮೂಕಮ್ಮ ಚೆನ್ನಾಗಿ ಅಡುಗೆ ಮಾಡ್ತಾರೆ. ಇಂಜೆಕ್ಷನ್ ಕೊಡೋಕೆ ಬರಲ್ಲ. ಚಿಕ್ಕ ಮನೆಯ ದೊಡ್ಡ ತೊಂದರೆ ಅದೇ. ಇನ್ನೊಬ್ಬ ನರ್ಸ್ ಹುಡುಕೋಕೆ ಶುರು ಮಾಡಿದ್ದೀನಿ."

'ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋ ಗಂಡಸು!' ಸ್ವಪ್ನಾಳಿಗೆ ಆಶ್ಚರ್ಯವೋ ಆಶ್ಚರ್ಯ. ಅಂದು ಇಡೀ ದಾರಿ ಟಿಕೆಟ್ ಕೊಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ಇದನ್ನು ಪ್ರೀತಿ ಅನ್ನಬೇಕೋ ತನಿಖೆ ಅನ್ನಬೇಕೋ ಅವಳಿಗೇ ತಿಳಿಯದು. ಆದರೆ ಹೊಸನಗರ ಬಿಡುವಾಗಲೇ ಮುಂಗುರುಳು ಸರಿಮಾಡಿಕೊಳ್ಳುತ್ತಿದ್ದಳು. ಅವನೋ, ಪ್ಯಾಕೆಟ್ ಇಲ್ಲದ ದಿನವೂ ಗೇಟಿಗೆ ಬಂದು ನಿಲ್ಲುತ್ತಿದ್ದ.

"ಇವತ್ತು ಔಷಧಿ ಇಲ್ಲ ಮಾರಾಯ," ಎಂದು ಕನ್ನಪ್ಪ ಕಿಟಕಿಯಿಂದ ಇಣುಕಿ ಕಿಚಾಯಿಸುತ್ತಿದ್ದ. "ನಿನ್ನ ಕಾಯಿಲೆಗೆ ಔಷಧಿ ಬೇಕಾದ್ರೆ ಫುಟ್‌ಬೋರ್ಡಲ್ಲಿ ಇದೆ ನೋಡು!"

ದೀಪಾವಳಿ ಹತ್ತಿರ ಬಂತು. ವಾರದ ರಜೆಯ ದಿನ ಸ್ವಪ್ನಾ ಖಾಕಿ ಬಿಟ್ಟು ಸೀರೆ ಉಟ್ಟು ಆ ಗೇಟಿನ ಮುಂದೆ ಇಳಿದಳು. ದುರ್ಗೇಶನ ಮುಖ ಅರಳಿಹೋಯಿತು.

"ಒಂದು ಮಾತು ಕೇಳಬೇಕಿತ್ತು," ಎಂದಳು.

"ಕೇಳಿ. ನನಗೂ ಒಂದು ಹೇಳೋದಿದೆ... ಮೊದಲು ನೀವು."

"ನಮ್ಮ ದೊಡ್ಡಮ್ಮನಿಗೆ ಮರೆವು. ನೋಡ್ಕೊಳ್ಳೋರು ಯಾರೂ ಇಲ್ಲ. ಇಲ್ಲಿ ಸೇರಿಸ್ಕೊಳ್ತೀರಾ?"

ಅರಳಿದ ಮುಖ ಹಾಗೆಯೇ ಇಳಿಯಿತು. "ಇಷ್ಟು ದಿನ ಕೇಳಿದ್ದೆಲ್ಲ... ಇದಕ್ಕಾ?"

"ಹೂಂ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟೇ ಅಲ್ಲ ಎಂದು ಹೇಗೆ ಹೇಳುವುದು?

ಅವನು ನೆಲ ನೋಡುತ್ತ ಹೇಳಿದ. "ಆಗಲ್ಲ."

"ಜಾಗ ಇಲ್ವಾ?"

"ಇದೆ."

"ಮತ್ತೆ?"

"ಆಗಲ್ಲ ಅಷ್ಟೇ. ಬೇರೆ ಕಡೆ ಒಳ್ಳೇದು ಹುಡುಕಿ ಕೊಡ್ತೀನಿ."

ಸ್ವಪ್ನಾಳ ಕೆನ್ನೆಗೆ ಹೊಡೆದಂತಾಯಿತು. ಪ್ರಶ್ನೆ ಕೇಳುತ್ತಲೇ ಬದುಕಿದವಳು ಅಂದು ಮಾತ್ರ ಯಾಕೆ ಎಂದು ಇನ್ನೊಮ್ಮೆ ಕೇಳದೆ ಬಂದುಬಿಟ್ಟಳು. ಮರುದಿನದಿಂದ ಪ್ಯಾಕೆಟ್‌ಗೆ ಮೂಕಮ್ಮ ಬರತೊಡಗಿದರು. ಕನ್ನಪ್ಪನೂ ತಮಾಷೆ ನಿಲ್ಲಿಸಿದ.

"ಎಂತಕ್ಕೆ ಅಳ್ತಿದ್ದೀ?" ಒಂದು ರಾತ್ರಿ ಅಡುಗೆಮನೆಯಲ್ಲಿ ದೊಡ್ಡಮ್ಮ ಅವಳ ಗಲ್ಲ ಹಿಡಿದೆತ್ತಿದರು.

ಸ್ವಪ್ನಾ ಎಲ್ಲವನ್ನೂ ಹೇಳಿಬಿಟ್ಟಳು. ಶರಾವತಕ್ಕ ಹೊರಡುವುದು, ನೆಂಟರ ಮಾತು, ಆ ಮನೆ, ಆ ಹುಡುಗ ಆಗಲ್ಲ ಅಂದಿದ್ದು.

ದೊಡ್ಡಮ್ಮ ಕಣ್ಣು ಕಿರಿದು ಮಾಡಿದರು. "ಅಲ್ವೇ... ಹೋಗಿ ಇರಬೇಕಾದವಳು ನಾನು. ನನ್ನನ್ನ ಕೇಳಿದ್ಯೇನೆ?"

"ನಿಂಗೆ ಬೇಜಾರಾಗುತ್ತೆ ಅಂತ..."

"ಒಬ್ಬಳೇ ಗೋಡೆ ನೋಡ್ಕೊಂಡು ಕೂರೋದು ಬಹಳ ಖುಷಿಯಾ? ನಂಗೂ ಹೆದರಿಕೆ ಆಗ್ತದೆ ಪುಟ್ಟಿ, ಒಲೆ ಹಚ್ಚೋಕೇ ಹೆದರಿಕೆ. ಎಂತ ಊಟ, ಎಂತ ಜನ, ನಾನೇ ನೋಡ್ತೀನಿ. ನಡಿ!"

ಭಾನುವಾರ ಇಬ್ಬರೂ ಹೋದರು. ದುರ್ಗೇಶ ಬಾಯಿ ತೆರೆಯುವ ಮೊದಲೇ ಪುಷ್ಪಮ್ಮ ಒಳಗೆ ನುಗ್ಗಿಯಾಗಿತ್ತು! ಬಚ್ಚಲಿನ ಗೋಡೆಯ ಹಿಡಿಕೆಯನ್ನು ಜಗ್ಗಿ ನೋಡಿದರು. ಹಾಸಿಗೆ ಒತ್ತಿ ನೋಡಿದರು. ಅಡುಗೆಮನೆಯಲ್ಲಿ ಸಾರಿನ ರುಚಿ ನೋಡಿ ಮುಖ ಕಿವಿಚಿದರು.

"ಉಪ್ಪೇ ಇಲ್ಲ."

"ಬಿಪಿ ಇರೋರು ಇದ್ದಾರಮ್ಮ," ಎಂದರು ಮೂಕಮ್ಮ.

"ನಂಗಿಲ್ಲ. ನಂಗೆ ಬೇರೆ ಉಪ್ಪು ಇಡಿ."

ಜಗಲಿಯಲ್ಲಿ ಮುಕುಂದಯ್ಯ ಸಿಕ್ಕರು. "ನೀವು ಯಾರ ಪೈಕಿ?"

ಪುಷ್ಪಮ್ಮ ಪಕ್ಕದಲ್ಲೇ ಕೂತು ಅಪ್ಪ, ಅಜ್ಜ, ಅತ್ತೆಯ ತವರು ಎಲ್ಲವನ್ನೂ ಉತ್ಸಾಹದಿಂದ ಹೇಳಿದರು. ಮುಕುಂದಯ್ಯ ತಲೆದೂಗಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು, "ನೀವು ಯಾರ ಪೈಕಿ?"

ದೊಡ್ಡಮ್ಮ ಬೇಸರಿಸಿಕೊಳ್ಳುತ್ತಾರೆಂದು ಸ್ವಪ್ನಾ ಹೆದರಿದಳು. ಆದರೆ ದೊಡ್ಡಮ್ಮ ಈಗಷ್ಟೇ ಹೇಳಿದ್ದನ್ನು ತಾವೂ ಮರೆತಿದ್ದರು! ಅಷ್ಟೇ ಉತ್ಸಾಹದಿಂದ ಅಜ್ಜನಿಂದಲೇ ಮತ್ತೆ ಶುರುಮಾಡಿದರು. "ಹೇಳಿದ್ಯಲ್ಲ" ಎಂದು ತಿದ್ದುವವರು ಅಲ್ಲಿ ಯಾರೂ ಇರಲಿಲ್ಲ. ತಾನು ಎಷ್ಟು ಸಲ ಹಾಗೆ ತಿದ್ದಿ ಆ ಮುಖ ಬಾಡಿಸಿದ್ದೇನೋ ಎಂದು ಸ್ವಪ್ನಾಳ ಕಣ್ಣು ತುಂಬಿತು.

ಹೊರಡುವ ಹೊತ್ತಿಗೆ ಪುಷ್ಪಮ್ಮ ದುರ್ಗೇಶನನ್ನು ಹತ್ತಿರ ಕರೆದರು.

"ನಾನು ಇಲ್ಲೇ ಇರ್ತೀನಿ. ಆದ್ರೆ ನಂಗೆ ಸುಳ್ಳು ಹೇಳ್ಬಾರ್ದು ನೀನು. ಮನೆಗೆ ಹೋಗ್ತೀನಿ ಅಂತ ಹಟ ಹಿಡಿದ್ರೆ, ಸ್ವಪ್ನಾ ನಾಳೆ ಬಸ್ಸಲ್ಲಿ ಬರ್ತಾಳೆ ಅನ್ನು. ಅದು ನಿಜ. ಬರ್ದೇ ಎಲ್ಲಿ ಹೋಗ್ತಾಳೆ?"

ದುರ್ಗೇಶ ತಿರುಗಿ ಹಿತ್ತಲಿಗೆ ನಡೆದ. ಸ್ವಪ್ನಾ ಹಿಂದೆಯೇ ಹೋದಳು. ಈ ಸಲ ಕೇಳದೆ ಬಿಡುವವಳಲ್ಲ.

"ಯಾಕೆ ಆಗಲ್ಲ ಅಂದಿದ್ದು?"

"ಅವತ್ತು ನಾನು ಹೇಳೋದಿದೆ ಅಂದಿದ್ನಲ್ಲ... ನನ್ನನ್ನ ಮದುವೆ ಆಗ್ತೀರಾ ಅಂತ ನಿಮ್ಮನ್ನ ಕೇಳೋದಿತ್ತು." ಅವನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. "ದೊಡ್ಡಮ್ಮ ನನ್ನ ಕೈಲಿದ್ರೆ ನೀವು ಇಲ್ಲ ಅನ್ನೋಕಾಗುತ್ತಾ? ಅವರನ್ನ ಸರಿಯಾಗಿ ನೋಡ್ಕೊಳ್ಳೋದಿಲ್ಲವೇನೋ ಅನ್ನೋ ಹೆದರಿಕೆಗೇ ಹೂಂ ಅಂತೀರಿ. ಹಾಗೆ ಕೇಳೋನಲ್ಲ ನಾನು. ಬಾಯಿ ಮುಚ್ಕೊಂಡು ಇರೋಣ ಅಂದ್ರೆ... ಅದೂ ಆಗಲ್ಲ."

ಸ್ವಪ್ನಾ ಅವನನ್ನೇ ನೋಡಿದಳು. ಆ ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಜಾರಿಹೋಯಿತು.

"ಅವತ್ತು ನಾನು ಹೂಂ ಅಂದಿದ್ದು ಅರ್ಧ ಸುಳ್ಳು," ಎಂದಳು. "ಮೊದಮೊದಲ ಪ್ರಶ್ನೆ ದೊಡ್ಡಮ್ಮನಿಗೋಸ್ಕರ. ಆಮೇಲೆ ಕೇಳಿದ್ದೆಲ್ಲ ನಿಮ್ಮ ದನಿ ಕೇಳೋಕೆ."

ದುರ್ಗೇಶ ಎದ್ದು ನಿಂತ. "ದೊಡ್ಡಮ್ಮ ಇಲ್ಲೇ ಇರ್ಲಿ. ಅವರೇ ಆರಿಸ್ಕೊಂಡಿದ್ದಾರೆ, ಬೇಡ ಅನ್ನೋಕೆ ನಾನ್ಯಾರು? ನನ್ನ ಮಾತು ಬಿಟ್ಟುಬಿಡಿ."

"ಬಿಡಲ್ಲ. ಈಗ ಕೇಳಿ."

"ಏನು?"

"ಅವತ್ತು ಕೇಳಬೇಕು ಅಂತಿದ್ದದ್ದು."

ಅವನ ಕಿವಿ ಕೆಂಪಾಯಿತು. "ನನ್ನನ್ನ... ಮದುವೆ ಆಗ್ತೀರಾ ಸ್ವಪ್ನಾ?"

"ನಾನು ಇಲ್ಲ ಅಂದ್ರೆ?"

"ಇಲ್ಲ ಅಂತಲೇ ಅರ್ಥ. ಮತ್ತೆ ಕೇಳಲ್ಲ."

"ದೊಡ್ಡಮ್ಮ?"

"ಇರ್ತಾರೆ. ಅವರ ಹಾಸಿಗೆ ಅವರದ್ದು, ಅವರ ಉಪ್ಪು ಅವರದ್ದು."

"ನಾನು ಬಂದು, ನೀವು ಮಾಡಿದ್ದು ಸರಿ ಇಲ್ಲ ಅಂತ ಜಗಳ ಆಡಿದ್ರೆ?"

"ಆಡಿ. ಆಡ್ಲೇಬೇಕು. ನನ್ನನ್ನ ಕೇಳೋರು ಇಲ್ಲಿ ಬೇರೆ ಯಾರಿದ್ದಾರೆ?"

ಸ್ವಪ್ನಾ ಎರಡು ಹೆಜ್ಜೆ ಮುಂದೆ ಬಂದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಇಲ್ಲ ಅನ್ನೋಕೆ ನನಗೆ ಯಾವ ಹೆದರಿಕೆಯೂ ಇಲ್ಲ ಈಗ," ಎಂದಳು ಮೆಲ್ಲಗೆ. "ಅದಕ್ಕೇ ಹೇಳ್ತಿದ್ದೀನಿ... ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ, ಮಾರಾಯ್ರೆ!"