ವೈರಿ ಮನೆಯ ನೀರು

ಅಥಣಿ ಕಾಲೇಜಿನ ಲೈಬ್ರರಿಯಲ್ಲಿ ಆ ಪುಸ್ತಕ ಇದ್ದದ್ದು ಒಂದೇ ಪ್ರತಿ. ಅದರಲ್ಲಿರುವ ವೈರಿಗಳ ಬಗೆಗಿನ ಎರಡು ಕಥೆಗಳನ್ನು ಓದಿ, ಹೋಲಿಸಿ ಬರೆಯಿರಿ ಎಂದು ಕನ್ನಡದ ಸರ್ ಹೇಳಿದ್ದರು. ಸುಂದರಾ ಹೋಗುವಷ್ಟರಲ್ಲಿ ಅದು ಮಾಳಸಿದ್ದನ ಕೈಯಲ್ಲಿತ್ತು. ಅವನು ತಲೆಯೆತ್ತಲಿಲ್ಲ, ಪುಸ್ತಕವನ್ನು ಮಾತ್ರ ಮೇಜಿನ ನಡುವಿಗೆ ಸರಿಸಿದ.

ಊರಲ್ಲಿ ಅವರಿಬ್ಬರ ಮನೆಯವರು ಒಬ್ಬರ ನೀರು ಒಬ್ಬರು ಮುಟ್ಟುತ್ತಿರಲಿಲ್ಲ. ಅವಳ ಅಪ್ಪ ಮುರಗೆಪ್ಪನ ದ್ರಾಕ್ಷಿ ತೋಟದಲ್ಲಿ ವರ್ಷವೂ ಗೊಬ್ಬರಕ್ಕೆಂದು ಮಾಳಸಿದ್ದನ ಅಪ್ಪ ಸಿದರಾಯ ಕುರಿ ನಿಲ್ಲಿಸುತ್ತಿದ್ದ. ಒಂದು ವರ್ಷ ಬಳ್ಳಿಯ ರೋಗಕ್ಕೆಂದು ಮೈಲುತುತ್ತು ಹೊಡೆದಿದ್ದ ಎಲೆ ತಿಂದು ಅರ್ಧ ಹಿಂಡು ಸತ್ತಿತು. ಕುರಿಗೆ ಅದು ವಿಷವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಬೇಕಂತಲೇ ಕೊಂದ ಎಂದ ಸಿದರಾಯ. ಆ ಸಲ ಕೇಳದೆ ಬೇಲಿಯೊಳಗೆ ಬಿಟ್ಟದ್ದೇ ಕಳ್ಳತನ ಎಂದ ಮುರಗೆಪ್ಪ. ಸಿದರಾಯ ಮಂಗಸೂಳಿ ಮಲ್ಲಯ್ಯ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ: ಆ ಮನೆಯ ನೀರು ಕುಡಿದವನು ಮಗನಾದರೂ ನನ್ನ ಪಾಲಿಗೆ ಸತ್ತ.

ಲೈಬ್ರರಿಯಲ್ಲಿ ಇಬ್ಬರೂ ಒಂದೇ ಪುಟ ಓದುತ್ತಿದ್ದರು. ಮಾಳಸಿದ್ದ ಬೇಗ ಮುಗಿಸಿ, ಅವಳ ಕಣ್ಣು ಪುಟದ ಕೊನೆಗಿಳಿಯಲೆಂದು ಕಾಯುತ್ತಿದ್ದ. ಅದು ಗೊತ್ತಿದ್ದೇ ಅವಳು ತಡಮಾಡುತ್ತಿದ್ದಳು.

ಮೊದಲ ಕಥೆಯಲ್ಲಿ ಹೊಳೆ ಉಕ್ಕಿದಾಗ ವೈರಿಗಳಿಬ್ಬರು ಒಂದೇ ಮಾಳಿಗೆಯ ಮೇಲೆ ರೊಟ್ಟಿ ಹಂಚಿಕೊಂಡು, ನೀರಿಳಿದ ಮೇಲೆ ಮತ್ತೆ ಕೊಡಲಿ ಹಿಡಿಯುತ್ತಾರೆ. ಎರಡನೆಯದರಲ್ಲಿ ಒಬ್ಬ ಸತ್ತ ಮೇಲೆ ಇನ್ನೊಬ್ಬ ಹೆಗಲು ಕೊಟ್ಟು ಅಳುತ್ತಾನೆ.

"ಮೊದಲನೇದು ಖರೆ," ಎಂದಳು ಸುಂದರಾ. "ಎರಡನೇದು ಸುಳ್ಳು. ಸತ್ತ ಮ್ಯಾಲ ಅತ್ತರ ಯಾರಿಗೆ ಬೇಕು?"

"ಎರಡ್ರಾಗೂ ಯಾರೂ ಮೊದಲ ಬಾಯಿ ಬಿಡಂಗಿಲ್ಲ ನೋಡು," ಎಂದ ಮಾಳಸಿದ್ದ.

"ನೀನೂ ಬಿಟ್ಟಿಲ್ಲಲ್ಲ."

ಅವನ ಕಿವಿ ಕೆಂಪಾದವು.

ಬರೆದು ಕೊಟ್ಟಾದ ಮೇಲೂ ಇಬ್ಬರೂ ಅದೇ ಮೇಜಿಗೆ ಬರುವುದನ್ನು ಬಿಡಲಿಲ್ಲ. ಅಷ್ಟರಲ್ಲಿ ಮನೆಯವರು ಅವಳಿಗೆ ಕಾಗವಾಡದ ಗಂಡು ಗೊತ್ತುಮಾಡಿದರು, ಸೋಮವಾರ ನಿಶ್ಚಯ. ಓಡಿಹೋಗೋಣ ಎಂದು ಅವಳೇ ಕೇಳಿದಳು. ಓಡಿದರೆ ಎರಡೂ ಮನೆಯವರು ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತಾರೆ ಎಂದ ಮಾಳಸಿದ್ದ. ಮರುದಿನದಿಂದ ಕಾಲೇಜಿಗೂ ಬರಲಿಲ್ಲ. ಹೇಡಿ ಎಂದು ಬೈದುಕೊಂಡಳು.

ಭಾನುವಾರ ಮಧ್ಯಾಹ್ನ ಅವನು ಅವಳ ಮನೆಯ ಅಂಗಳದಲ್ಲಿ ನಿಂತಿದ್ದ. ಗೋಡೆಗೊರಗಿಸಿದ್ದ ಕೊಡಲಿಯ ಪಕ್ಕದಿಂದ ಮುರಗೆಪ್ಪ ಎದ್ದ.

"ನೀರಡಿಕಿ ಆಗೇತ್ರಿ. ಒಂದ್ ತಂಬಿಗಿ ನೀರ ಕೊಡ್ರಿ," ಎಂದ ಮಾಳಸಿದ್ದ.

"ಕುಡದ್ರ ನಿಮ್ಮಪ್ಪ ಮನಿ ಹೊಸ್ತಿಲ ತುಳ್ಯಾಕ ಬಿಡಂಗಿಲ್ಲ. ಗೊತ್ತೈತಿಲ್ಲೋ?"

"ಅಪ್ಪಗ ಹೇಳೇ ಬಂದೀನ್ರಿ."

ಅಪ್ಪ ಹೇಳುವುದನ್ನು ಕಾಯದೆ ಸುಂದರಾ ತಂಬಿಗೆ ತುಂಬಿ ತಂದಳು. ಅವನು ಗಟಗಟನೆ ಕುಡಿದ. ತಂಬಿಗೆಯ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದ ಕಣ್ಣು ತುಂಬಿದ್ದವು. ಇನ್ನು ಅವನಿಗೆ ಮನೆಯಿಲ್ಲ.

ಅವಳು ಮತ್ತೆ ಒಳಹೋಗಿ, ಬಂದವರಿಗೆ ನೀರಿನ ಜೊತೆ ಕೊಡುವ ಬೆಲ್ಲ ತಂದಳು. ಅಪ್ಪನೆದುರೇ ಅರ್ಧ ಕಚ್ಚಿ, ಉಳಿದದ್ದನ್ನು ಮಾಳಸಿದ್ದನ ಅಂಗೈಯಲ್ಲಿಟ್ಟಳು.

"ಅಪ್ಪಾ, ಕಾಗವಾಡದವ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸು. ಇಲ್ಲಂದ್ರ ನಾನೂ ನಿನ್ನ ಪಾಲಿಗೆ ಸತ್ತಂಗ."

ಮುರಗೆಪ್ಪನ ಕೈ ಮೇಲೆದ್ದಿತು. ಅವಳು ಕಣ್ಣು ಮುಚ್ಚಲಿಲ್ಲ. ಆ ಕೈ ಇಳಿದು ತಂಬಿಗೆಯನ್ನು ಎತ್ತಿಕೊಂಡು ಬೋರಲು ಮಾಡಿತು. ಒಂದು ಹನಿಯೂ ಬೀಳಲಿಲ್ಲ, ಹುಡುಗ ಪೂರಾ ಕುಡಿದಿದ್ದ. ಮುರಗೆಪ್ಪ ಚಪ್ಪಲಿ ಮೆಟ್ಟಿದ.

"ನಿಮ್ಮಪ್ಪನ ಕುರಿ ಇವತ್ತ ಯಾರ ಹೊಲದಾಗ ಅದಾವ?"

ಮಾಳಸಿದ್ದ ಬೆಲ್ಲ ಹಿಡಿದೇ ನಿಂತಿದ್ದ. "ಹಳ್ಳದ ಆಚಿ ದಂಡಿಗೆ ಅದಾವ್ರಿ. ಯಾಕ್ರಿ?"

"ನನಗೂ ನೀರಡಿಕಿ ಆಗೇತಿ," ಎಂದ ಮುರಗೆಪ್ಪ. ಕೊಡಲಿಯನ್ನು ಗೋಡೆಗೇ ಬಿಟ್ಟು ಬಿಸಿಲಿಗಿಳಿದ.